ಬೋರ್ಡಿಲ್ಲದ ಅಂಗಡಿ, ದೆವ್ವದ ಬೀರು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳ ಸಾಲು ದಾಟಿದ ಮೇಲೆ ಒಂದು ಸಂದಿ ಬರುತ್ತದೆ. ಸಂದಿಯ ಬಾಯಲ್ಲಿ ಒಗ್ಗರಣೆ ಮಿರ್ಚಿ ಬಂಡಿ, ಅದರ ಹಿಂದೆ ಬಾಡಿಗೆ ಪುಸ್ತಕದ ಅಂಗಡಿ. ಅಂಗಡಿಗೆ ಬೋರ್ಡೇ ಇಲ್ಲ. ಯಾರನ್ನು ಕೇಳಿದರೂ "ಪುಸ್ತಕದ ತಾತನ ಅಂಗಡಿನಾ? ಮಿರ್ಚಿ ಬಂಡಿ ಹಿಂದೆ" ಅಂತಾರೆ. 200 ರೂಪಾಯಿ ಡಿಪಾಸಿಟ್ ಇಡಬೇಕು. ತೆಳ್ಳನೆ ಪುಸ್ತಕಕ್ಕೆ ಮೂರು ದಿನಕ್ಕೆ 10 ರೂಪಾಯಿ, ದಪ್ಪ ಪುಸ್ತಕಕ್ಕೆ ವಾರಕ್ಕೆ 25. ಆರು ವರ್ಷದಿಂದ ನಾನು ಅಲ್ಲಿಯ ಗಿರಾಕಿ. ದೆವ್ವದ ಕಥೆ, ಮಾಟದ ಕಥೆ ಇಷ್ಟಪಡುವವರು ಈ ಊರಲ್ಲಿ ಇದ್ದರೆ ಅವರಿಗೆ ಈ ಅಂಗಡಿ ಗೊತ್ತಿರಲೇಬೇಕು ಅಂತ ಬರೆಯುತ್ತಿದ್ದೇನೆ.

ನಾನು ಜೀನ್ಸ್ ಯೂನಿಟ್ ಒಂದರಲ್ಲಿ ಚೆಕಿಂಗ್ ಕೆಲಸ ಮಾಡುತ್ತೇನೆ. ಎಲ್ಲಿ ಹೊಲಿಗೆ ಬಿಟ್ಟಿದೆ, ಯಾವ ಗುಂಡಿ ಸಡಿಲ, ದಿನವಿಡೀ ಅದೇ ನೋಡುವುದು. ಸಂಜೆ ಹೊತ್ತಿಗೆ ಬೆರಳೆಲ್ಲ ನೀಲಿ ಆಗಿರುತ್ತವೆ. ಮನೆಗೆ ಬಂದು ಅಡಿಗೆ ಮುಗಿಸಿ, ಎಲ್ಲರೂ ಮಲಗಿದ ಮೇಲೆ ನನಗೆ ಬೇಕಾಗುವುದು ಒಂದು ಒಳ್ಳೆ ಹೆದರಿಕೆಯ ಕಥೆ. ಈ ಹುಚ್ಚು ಚಿಕ್ಕಂದಿನಿಂದ ಇದೆ. ನಮ್ಮ ಓಣಿಯಲ್ಲಿ ಒಂದು ಕಾಲಕ್ಕೆ ಮನೆಮನೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿದ್ದರು. ರಾತ್ರಿ ದೆವ್ವ ಬಂದು, ಗುರುತಿನವರ ದನಿಯಲ್ಲಿ ಕೂಗಿ ಕರೆಯುತ್ತದೆ, ಬಾಗಿಲ ಮೇಲಿನ ಬರಹ ಓದಿ ಮರಳಿ ಹೋಗುತ್ತದೆ ಅಂತ ಮಾತು. ಅಮ್ಮ ಸುಣ್ಣದಲ್ಲಿ ಬರೆದಿದ್ದಳು. ನಾನು ಅಕ್ಷರ ಕೂಡಿಸಿ ಮೊದಲ ಸಲ ಓದಿದ್ದು ಆ ಎರಡು ಪದಗಳನ್ನೇ.

ಅಂಗಡಿಯ ಮುಂಭಾಗದಲ್ಲಿ ಸ್ಪರ್ಧಾ ಪರೀಕ್ಷೆಯ ಗೈಡುಗಳು, ಹಳೇ ವಾರಪತ್ರಿಕೆಗಳು. ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಒಳಗೆ ಹೋದರೆ ಹಸಿರು ಬಣ್ಣದ ಕಬ್ಬಿಣದ ಬೀರು ಇದೆ. ಅದೇ ದೆವ್ವದ ಬೀರು. ಮೇಲಿನ ಅರೆಯಲ್ಲಿ ಕನ್ನಡ, ನಡುವೆ ತೆಲುಗು, ಕೆಳಗೆ ಇಂಗ್ಲಿಷ್. ನಮ್ಮೂರಲ್ಲಿ ಮೂರೂ ಓದುವವರು ಇದ್ದಾರೆ, ಹಾಗಾಗಿ ಯಾವ ಅರೆಯೂ ಧೂಳು ಹಿಡಿದಿಲ್ಲ.

ನಾನು ಮೊದಲು ತಂದದ್ದು ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'. ತೆಲುಗಿನಲ್ಲಿ ಹುಟ್ಟಿ ಕನ್ನಡಕ್ಕೆ ಬಂದ ಕಾದಂಬರಿ, 1985ರಲ್ಲಿ ಕನ್ನಡದಲ್ಲಿ ಸಿನಿಮಾ ಕೂಡ ಆಯಿತು. ತುಳಸಿ ಅನ್ನುವ ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ಕಥೆಯಷ್ಟೇ ಗಟ್ಟಿಯಾಗಿ ನನ್ನನ್ನು ಹಿಡಿದದ್ದು ಆ ಪ್ರತಿಯ ಅಂಚುಗಳು. ಪುಟದ ಕೆಳಗಿನ ಮೂಲೆಯಲ್ಲಿ ನೀಲಿ ಹೆಬ್ಬೆಟ್ಟಿನ ಗುರುತು. ಒಂದಲ್ಲ, ಪುಟ ಪುಟಕ್ಕೂ. ನನ್ನ ಹಾಗೆಯೇ ಜೀನ್ಸ್ ಬಟ್ಟೆ ಮುಟ್ಟಿದ ಕೈ. ಯಾರೋ ಕೆಲಸ ಮುಗಿಸಿ ಕೈ ತೊಳೆಯಲೂ ಪುರಸೊತ್ತಿಲ್ಲದೆ ಓದಿದ್ದಾರೆ. ಒಂದು ಕಡೆ ಆ ಗುರುತು ಗಕ್ಕನೆ ನಿಂತಿತ್ತು. ನಾಲ್ಕು ಪುಟ ಏನೂ ಇಲ್ಲ. ಆಮೇಲೆ ಮತ್ತೆ ಶುರು. ಆ ಜಾಗದಲ್ಲಿ ನನಗೂ ಓದಲು ಆಗಲಿಲ್ಲ. ಪುಸ್ತಕ ಮುಚ್ಚಿ, ಎದ್ದು ಹೋಗಿ ಮಗನ ಹೊದಿಕೆ ಸರಿ ಮಾಡಿ ಬಂದೆ. ಬೆಳಗ್ಗೆ ಬೆಳಕಲ್ಲಿ ಆ ನಾಲ್ಕು ಪುಟ ಓದಿದೆ. ಆ ಮನುಷ್ಯನೂ ಬೆಳಗ್ಗೆ ಮುಖ ತೊಳೆದ ಮೇಲೆಯೇ ಓದಿರಬೇಕು ಅಂತ ಆಗ ಹೊಳೆಯಿತು. ಇನ್ನೊಂದು ಪುಟದ ಅಂಚಲ್ಲಿ ಬಾಲ್ ಪೆನ್ನಲ್ಲಿ "ರಾತ್ರಿ ಓದಬೇಡಿ" ಅಂತ ಇತ್ತು. ಅದರ ಕೆಳಗೆ ಬೇರೆ ಕೈಬರಹ: "ಓದಿದೆ. ದೀಪ ಹಚ್ಚಿಟ್ಟೇ ಮಲಗಿದೆ."

ಹೆದರಿಕೆಗೆ ಜೊತೆ ಬೇಕು. ಸೆಕೆಂಡ್ ಶೋಗೆ ದೆವ್ವದ ಸಿನಿಮಾ ನೋಡಿದವರಿಗೆ ಇದು ಗೊತ್ತು. ಇಡೀ ಥಿಯೇಟರ್ ಒಂದೇ ಸಲ ಚೀರುತ್ತದೆ, ಮರುಕ್ಷಣ ಎಲ್ಲರೂ ನಗುತ್ತಾರೆ, ಪಕ್ಕದ ಸೀಟಿನ ಗುರುತಿಲ್ಲದ ಹೆಂಗಸು ನನ್ನ ತೋಳು ಹಿಡಿದಿರುತ್ತಾಳೆ. 1979ರಲ್ಲಿ ಬಂದ ಅನಂತನಾಗ್, ಲಕ್ಷ್ಮಿ ಅವರ 'ನಾ ನಿನ್ನ ಬಿಡಲಾರೆ' ನೋಡಿ ಬಂದ ಅಮ್ಮ ಮತ್ತು ದೊಡ್ಡಮ್ಮ ಕೈ ಕೈ ಹಿಡಿದುಕೊಂಡೇ ಮನೆ ತನಕ ನಡೆದರಂತೆ. ಪುಸ್ತಕದಲ್ಲಿ ಆ ಜೊತೆ ಸಿಗುವುದಿಲ್ಲ ಅಂದುಕೊಂಡಿದ್ದೆ. ಬಾಡಿಗೆ ಪುಸ್ತಕದಲ್ಲಿ ಸಿಗುತ್ತದೆ. ಹೊಸ ಪುಸ್ತಕ ಕೊಂಡರೂ, ಮೊಬೈಲಲ್ಲಿ ಓದಿದರೂ ಅದು ಇಲ್ಲ.

ತಾತ ಇದನ್ನು ಚೆನ್ನಾಗಿ ಬಲ್ಲರು. ಪುಸ್ತಕ ವಾಪಸ್ ಕೊಟ್ಟಾಗ ಮೊದಲು ಕೇಳುವುದು, "ಎಲ್ಲಿ ಹೆದರಿದಿ ಅಮ್ಮಾ?" ಅಂತ. ನಾವು ಪುಟ ಹೇಳಿದರೆ ಲೆಕ್ಕದ ಉದ್ದ ಪುಸ್ತಕದಲ್ಲಿ ಹೆಸರು, ತಾರೀಖಿನ ಮುಂದೆ ಆ ಪುಟದ ನಂಬರೂ ಬರೆದುಕೊಳ್ಳುತ್ತಾರೆ. ಇಂಥ ಸೇವೆ ಬೇರೆ ಎಲ್ಲೂ ನಾನು ಕಂಡಿಲ್ಲ. ಏನೂ ಹೆದರಿಕೆ ಆಗಲಿಲ್ಲ ಅಂದರೆ ಅವರ ಮುಖ ಸಣ್ಣಗಾಗುತ್ತದೆ. ತಕ್ಷಣ ಎದ್ದು ಬೀರು ತೆಗೆಯುತ್ತಾರೆ.

ಹಾಗೆ ಒಂದು ಸಲ ಅವರೇ ಕೈಗಿಟ್ಟದ್ದು ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ'. 1897ರ ಪುಸ್ತಕ, ಪೂರ್ತಿ ಇಂಗ್ಲಿಷ್. ನನಗೆ ಮೂರು ವಾರ ಹಿಡಿಯಿತು, ಅರ್ಥ ಆಗದ ಪದ ಮೊಬೈಲಲ್ಲಿ ನೋಡುತ್ತಾ ಓದಿದೆ. ಕಥೆ ಎಲ್ಲ ಡೈರಿ, ಪತ್ರಗಳಲ್ಲೇ ನಡೆಯುತ್ತದೆ. ಶುರುವಿನಲ್ಲಿ ಆ ಹುಡುಗ ಜೊನಾಥನ್ ಹಾರ್ಕರ್ ಕೆಂಪು ಮೆಣಸಿನಕಾಯಿ ಪುಡಿ ಹಾಕಿದ ಕೋಳಿ ಊಟ ಮಾಡುತ್ತಾನೆ. ರುಚಿ ಅನ್ನುತ್ತಾನೆ, ಮದುವೆ ಆಗಬೇಕಾದ ಹುಡುಗಿಗೆ ಮಾಡುವ ವಿಧಾನ ಕೇಳಿಕೊಂಡು ಹೋಗಬೇಕು ಅಂತ ಬರೆದಿಟ್ಟುಕೊಳ್ಳುತ್ತಾನೆ. ರಾತ್ರಿ ಹೂಜಿ ನೀರೆಲ್ಲ ಕುಡಿದರೂ ಬಾಯಾರಿಕೆ ಹೋಗುವುದಿಲ್ಲ. ಬ್ಯಾಡಗಿ ಮಾರ್ಕೆಟ್‌ಗೆ ಲಾರಿಗಟ್ಟಲೆ ಮೆಣಸಿನಕಾಯಿ ಕಳಿಸುವ ಸೀಮೆಯವಳು ನಾನು. ಆ ಬಾಯಾರಿಕೆ ಓದಿದ ಕೂಡಲೇ ಹುಡುಗ ನಮ್ಮವನೇ ಆಗಿಬಿಟ್ಟ.

ಎಲ್ಲರೂ ಆ ಪುಸ್ತಕದ ರಕ್ತದ ಬಗ್ಗೆ ಹೇಳುತ್ತಾರೆ. ನಾನು ತಾತನಿಗೆ ಹೇಳಿದ ಪುಟದಲ್ಲಿ ರಕ್ತ ಇಲ್ಲ. ದೊರೆ ಡ್ರಾಕುಲಾನದು ಅಷ್ಟು ದೊಡ್ಡ ಕೋಟೆ, ಅಷ್ಟು ಬೆಳ್ಳಿ ಬಂಗಾರದ ಪಾತ್ರೆ, ಆದರೆ ಒಬ್ಬ ಆಳೂ ಕಾಣುವುದಿಲ್ಲ. ಒಂದು ದಿನ ಹಾರ್ಕರ್ ತನ್ನ ಕೋಣೆಗೆ ಬಂದರೆ ದೊರೆ ತಾನೇ ಹಾಸಿಗೆ ಹಾಸುತ್ತಿರುತ್ತಾನೆ. ಆಮೇಲೆ ಬಾಗಿಲ ಸಂದಿಯಿಂದ ನೋಡಿದರೆ ಅವನೇ ಊಟದ ಮೇಜು ಸಿದ್ಧ ಮಾಡುತ್ತಿದ್ದಾನೆ. ಅಂದರೆ ಆ ಮನೆಯಲ್ಲಿ ಇನ್ಯಾರೂ ಇಲ್ಲ. ಹಾಗಾದರೆ ಕತ್ತಲಲ್ಲಿ ತನ್ನನ್ನು ಬಂಡಿಯಲ್ಲಿ ಕರೆತಂದವನು? ಅವನೂ ಇವನೇ. ಹಾಸಿಗೆ ಹಾಸುವುದರಲ್ಲಿ ಇಷ್ಟು ಭಯ ಇಡಬಹುದು ಅಂತ ಯಾರು ತಾನೇ ಎಣಿಸುತ್ತಾರೆ! ಇನ್ನೊಂದು ಮಾತು. ಬಿಸಿಲು ಬಿದ್ದರೆ ಡ್ರಾಕುಲಾ ಸಾಯುತ್ತಾನೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಅಲ್ವಾ? ಪುಸ್ತಕದಲ್ಲಿ ಅವನು ಹಗಲಲ್ಲೂ ಓಡಾಡುತ್ತಾನೆ. ಬಿಸಿಲಿಗೆ ಕರಗಿ ಹೋಗುವುದು 1922ರ ಜರ್ಮನ್ ಮೂಕಿ ಚಿತ್ರ 'ನೊಸ್ಫೆರಾಟು'ದಲ್ಲಿ. ಇದೇ ಕಥೆಯನ್ನು ಅನುಮತಿ ಇಲ್ಲದೆ ತೆಗೆದರು ಅಂತ ಸ್ಟೋಕರ್‌ನ ಹೆಂಡತಿ ಕೇಸು ಹಾಕಿದಳು, ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಕೋರ್ಟ್ ಹೇಳಿತು. ಆದರೂ ಕೆಲವು ಉಳಿದವು.

ಈಗ ಡಾರ್ಕ್ ಫ್ಯಾಂಟಸಿ ಅಂತ ಹುಡುಗರು ಕೇಳುತ್ತಾರಲ್ಲ, ಮಾಯೆ ಮಂತ್ರ ಎಲ್ಲ ಇದ್ದೂ ಕಾಪಾಡಲು ಯಾರೂ ಬಾರದ ಕಥೆಗಳು, ಅಂಥದ್ದು ಕನ್ನಡದಲ್ಲಿ ಇದೆಯಾ ಅಂತ ನಾನೂ ತಾತನನ್ನು ಕೇಳಿದ್ದೆ. ಅವರು ಕೊಟ್ಟದ್ದು ರಟ್ಟು ಕಿತ್ತುಹೋದ 'ಯಶೋಧರ ಚರಿತೆ'ಯ ಹೊಸಗನ್ನಡ ಗದ್ಯ. ಜನ್ನ ಬರೆದದ್ದು, 1209ರ ಕಾವ್ಯ. ಪರೀಕ್ಷೆಗೆ ಓದುವ ಪುಸ್ತಕ ಇದು, ಇದನ್ನು ಯಾಕೆ ಕೊಟ್ಟರು ಅಂತ ನನಗೆ ಬೇಸರ ಆಗಿತ್ತು. "ಹಿಟ್ಟಿನ ಕೋಳಿ ತನಕ ಓದು, ಆಮ್ಯಾಲೆ ಮಾತಾಡು" ಅಂದರು.

ಓದಿದೆ. ದೊರೆ ಯಶೋಧರನಿಗೆ ಕೆಟ್ಟ ಕನಸು ಬಿತ್ತು ಅಂತ ತಾಯಿ ಬಲಿ ಕೊಡು ಅನ್ನುತ್ತಾಳೆ. ಅವನಿಗೆ ಜೀವ ಕೊಲ್ಲಲು ಮನಸ್ಸಿಲ್ಲ. ತಾಯಿಯ ಮಾತು ಮೀರಲೂ ಆಗುವುದಿಲ್ಲ. ಕೊನೆಗೆ ಹಿಟ್ಟಿನಲ್ಲಿ ಕೋಳಿ ಮಾಡಿ ಅದನ್ನೇ ಕಡಿಯುವುದು ಅಂತ ಆಗುತ್ತದೆ. ಕತ್ತಿ ಬೀಳುತ್ತದೆ. ಹಿಟ್ಟಿನ ಕೋಳಿ ಕೂಗುತ್ತದೆ. ಒಳಗೆ ಬೆಂತರ ಸೇರಿಕೊಂಡಿರುತ್ತದೆ. ಅಷ್ಟೇ ಸಾಕು. ತಾಯಿ ಮಗ ಇಬ್ಬರೂ ಸತ್ತು, ನವಿಲು ನಾಯಿ ಆಗಿ ಹುಟ್ಟಿ, ಮತ್ತೆ ಸತ್ತು, ಮತ್ತೆ ಪ್ರಾಣಿಗಳಾಗಿ ಹುಟ್ಟಿ, ಒಂದು ಜನ್ಮದಲ್ಲಿ ಕೋಳಿಗಳೇ ಆಗುತ್ತಾರೆ. ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದು ನಿಜ ತಾನೆ? ರೊಟ್ಟಿ ಹಿಟ್ಟು ನಾದುವಾಗ ಎರಡು ದಿನ ನನ್ನ ಕೈ ತಡೆದು ತಡೆದು ಹೋಗುತ್ತಿತ್ತು. ಪರೀಕ್ಷೆಯ ಪುಸ್ತಕ ಅಂತ ಇಷ್ಟು ವರ್ಷ ದೂರ ಇಟ್ಟಿದ್ದೆನಲ್ಲ ಅಂತ ಹೊಟ್ಟೆ ಉರಿಯಿತು.

ಕೊರತೆಗಳೂ ಇವೆ. ತಗಡಿನ ಮಾಡು, ಏಪ್ರಿಲ್ ಮೇ ತಿಂಗಳಲ್ಲಿ ಒಳಗೆ ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ. ಮಧ್ಯಾಹ್ನ ಒಂದರಿಂದ ಐದರ ತನಕ ಬಾಗಿಲು ಹಾಕಿರುತ್ತಾರೆ. ಒಂದು ಪತ್ತೇದಾರಿ ದೆವ್ವದ ಕಾದಂಬರಿಯ ಕೊನೆಯ ಎರಡು ಹಾಳೆ ಇರಲೇ ಇಲ್ಲ, ಇವತ್ತಿಗೂ ಅದರ ಕೊನೆ ನನಗೆ ಗೊತ್ತಿಲ್ಲ. ದುಡ್ಡು ವಾಪಸ್ ಕೊಟ್ಟರು, ಅದು ಬೇರೆ ಮಾತು. ಹೊಸ ಕನ್ನಡ ಪುಸ್ತಕ ತೀರಾ ಕಮ್ಮಿ. ನನಗೆ ಜಾಸ್ತಿ ಕೊರಗು ಅಂದರೆ ನಮ್ಮ ಸೀಮೆಯ ಕಥೆಗಳು ಆ ಬೀರುವಿನಲ್ಲಿ ಇಲ್ಲ. ನಮ್ಮ ಗುಡ್ಡದ ಕೋಟೆಯನ್ನು ಹೈದರ್ ಅಲಿಗೆ ಸರಿಮಾಡಿ ಕೊಟ್ಟ ಫ್ರೆಂಚ್ ಎಂಜಿನಿಯರ್‌ನ ಕಥೆ ಊರಲ್ಲಿ ಹೇಳುತ್ತಾರೆ. ಕೋಟೆ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಅದಕ್ಕಿಂತ ಎತ್ತರ. ಅದಕ್ಕೆ ಅವನನ್ನು ಗಲ್ಲಿಗೆ ಹಾಕಿಸಿದರಂತೆ, ಪೂರ್ವದ ಬಾಗಿಲ ಹತ್ತಿರ ಇರುವ ಗೋರಿ ಅವನದೇ ಅಂತೆ. ತಾತ ಇದನ್ನು ದನಿ ತಗ್ಗಿಸಿ ಹೇಳುವಾಗ ಮಿರ್ಚಿ ಬಂಡಿಯವನೂ ಕರಿಯುವ ಸೌಟು ಬಿಟ್ಟು ಬಂದು ನಿಲ್ಲುತ್ತಾನೆ. ಯಾರಾದರೂ ಇದನ್ನು ಕಾದಂಬರಿಯಾಗಿ ಬರೆಯಲಿ, ನಾನು ಬಾಡಿಗೆಗಲ್ಲ, ಕೊಂಡೇ ಓದುತ್ತೇನೆ.

ಮೊದಲ ಸಲ ಹೋಗುವವರು ಸಂಜೆ ಆರರ ಮೇಲೆ ಹೋಗಿ, ಆಧಾರ್ ಜೆರಾಕ್ಸ್ ಒಂದು ಇಟ್ಟುಕೊಂಡಿರಿ. ಯಾವ ಪುಸ್ತಕ ಅಂತ ನೀವೇ ಹುಡುಕಬೇಡಿ. ಹಿಂದೆ ಯಾವುದಕ್ಕೆ ಹೆದರಿದ್ದಿರಿ ಅಂತ ತಾತನಿಗೆ ಹೇಳಿ, ಅವರೇ ತೆಗೆದು ಕೊಡುತ್ತಾರೆ. 'ಯಶೋಧರ ಚರಿತೆ' ಎರಡನೇ ಸಲ ತಂದಿದ್ದೇನೆ, ಈಗ ನನ್ನ ಹತ್ತಿರವೇ ಇದೆ. ಶನಿವಾರ ವಾಪಸ್ ಕೊಡುತ್ತೇನೆ. ಹಿಟ್ಟಿನ ಕೋಳಿಯ ಪುಟದ ಮೂಲೆಯಲ್ಲಿ ಒಂದು ನೀಲಿ ಹೆಬ್ಬೆಟ್ಟು ಕಂಡರೆ ಅದು ನನ್ನದು.