ಗೋಧಿ ಮಾಲ್ಟ್ ಕಿಟ್: ಹನ್ನೊಂದು ಸಲ ಬಿಯರ್ ಮಾಡಿದ ಮೇಲೆ

ಬೆಲ್ಜಿಯಂನ ಲ್ಯೂವನ್‌ನ ಬಾಡಿಗೆ ಮನೆಯಲ್ಲಿ ಮೂರು ವರ್ಷಗಳಿಂದ ಈ ಕಿಟ್‌ನಿಂದ ಇಲ್ಲಿಯ ಗೋಧಿಯ ಬಿಳಿ ಬಿಯರ್ ಮಾಡುತ್ತಿದ್ದೇನೆ. ಹನ್ನೊಂದು ಸಲದಲ್ಲಿ ಒಂಬತ್ತು ಸಲ ನೆಂಟರಿಗೆ ಕೊಡುವಂತಿತ್ತು. ಈ ಬಿಯರಿನ ತವರು ಹೂಗಾರ್ಡನ್ ಇಲ್ಲಿಗೆ ಹತ್ತಿರವೇ (ಹೂಗಾರರ ಊರೇನೋ ಅನ್ನಿಸುವ ಹೆಸರು). ಅಲ್ಲಿ ನಿಂತೇಹೋಗಿದ್ದ ಈ ಬಿಯರನ್ನು 1966ರಲ್ಲಿ ಮತ್ತೆ ಶುರುಮಾಡಿದವರು ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್.

ಕಿಟ್‌ನ ಡಬ್ಬದಲ್ಲಿರುವುದು ಜೋನಿಬೆಲ್ಲದಂಥ ಪಾಕ, ಅಂದರೆ ಮಾಲ್ಟ್ ಎಕ್ಸ್‌ಟ್ರಾಕ್ಟ್. ಮಾಲ್ಟ್ ಎಂದರೆ ಮೊಳಕೆ ಬರಿಸಿದ ಕಾಳು; ಹಾಗೆ ಮೊಳಕೆ ಬರಿಸಿದ ಗೋಧಿ, ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಪಿಷ್ಟ ಸಕ್ಕರೆಯಾದ ಮೇಲೆ ಆ ನೀರನ್ನು ಇಂಗಿಸಿ ತುಂಬಿರುತ್ತಾರೆ. ನಮಗೆ ಅರ್ಧ ದಿನದ ಕೆಲಸ ತಪ್ಪಿತು. ಒಂದೂವರೆ ಕಿಲೋದ ಎರಡು ಡಬ್ಬಕ್ಕೆ ಇಪ್ಪತ್ತು ಲೀಟರ್ ಆಗುವಷ್ಟು ನೀರು ಸೇರಿಸಿದರೆ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.045 ತೋರಿಸುತ್ತದೆ, ಹುದುಗು ಮುಗಿದಾಗ 1.011. ಅಂದರೆ ಸುಮಾರು ಶೇ 4.5 ಆಲ್ಕೊಹಾಲ್. ಈ ಲೆಕ್ಕ ಒಮ್ಮೆಯೂ ತಪ್ಪಿಲ್ಲ.

ತಪ್ಪಿದ್ದು ಬಣ್ಣ. ಮೂರನೆಯ ಸಲ ಅಂಗಡಿಯವರು ಕಳಿಸಿದ್ದು ಹಳೆಯ ದಾಸ್ತಾನು. ದ್ರವರೂಪದ ಎಕ್ಸ್‌ಟ್ರಾಕ್ಟ್ ಇಟ್ಟಷ್ಟೂ ಕಪ್ಪಾಗುತ್ತದೆ. ಬಿಳಿ ಬಿಯರ್ ಎಂದು ಹೇಳಿ ಕಪ್ಪುಚಹಾ ಬಣ್ಣದ್ದನ್ನು ಬಡಿಸಬೇಕಾಯಿತು. ಡಬ್ಬ ಬಂದ ಕೂಡಲೇ ತಳದ ದಿನಾಂಕ ನೋಡಿ. ಹೊಸ ಡಬ್ಬವೂ ಒಂದು ಗಂಟೆ ಕುದ್ದರೆ ಕೆಂಪೇರುತ್ತದೆ. ಹಾಗಾಗಿ ಈಗ 30 ಗ್ರಾಂ ಸಾಜ್ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂವಿನ ಒಂದು ತಳಿ) ಜೊತೆ ಒಂದೇ ಡಬ್ಬ ಕುದಿಸುತ್ತೇನೆ. ಇನ್ನೊಂದನ್ನು ಕೊನೆಯ ಹತ್ತು ನಿಮಿಷವಿದ್ದಾಗ, ಒಲೆ ಆರಿಸಿಕೊಂಡು ಸುರಿಯುತ್ತೇನೆ. ಉರಿ ಇಟ್ಟೇ ಸುರಿದರೆ ಪಾಕ ತಳ ಹಿಡಿಯುತ್ತದೆ. ಆ ಸೀದ ವಾಸನೆ ಬಾಟಲಿಯವರೆಗೂ ಬರುತ್ತದೆ.

ಇನ್ನು ಕಿಟ್‌ನ ಮಸಾಲೆ ಪೊಟ್ಟಣ. ಕೊತ್ತಂಬರಿ ಪುಡಿ ಎಂದು ಬರೆದಿದೆ, ಮೂಸಿದರೆ ಸಾಬೂನು. ಎಸೆದೆ. ಶಿರಸಿಯಿಂದ ಆಯಿ ಕಳಿಸಿದ ಕೊತ್ತಂಬರಿ ಬೀಜ ಡಬ್ಬಿಯಲ್ಲಿತ್ತು. ನಮ್ಮ ಕಡೆಯ ಬೀಜ ಇಲ್ಲಿಯ ಗುಂಡನೆಯದರಂತಲ್ಲ, ಉದ್ದುದ್ದ. ಕುಟ್ಟಿದರೆ ಕಂಚಿಕಾಯಿ ಸಿಪ್ಪೆಯ ಹತ್ತಿರದ ಪರಿಮಳ. ಆದರೆ ಕೈ ಅಭ್ಯಾಸ ಕೇಳಬೇಕಲ್ಲ, ಮೊದಲ ಸಲ ಬಾಣಲೆಯಲ್ಲಿ ಘಮ್ಮೆನ್ನುವಂತೆ ಹುರಿದುಬಿಟ್ಟೆ. ಮೂರು ವಾರದ ನಂತರ ಬಾಟಲಿ ತೆರೆದರೆ ತಣ್ಣಗಿನ ಸಾರು, ಮೇಲೆ ನೊರೆ. ಹನ್ನೊಂದರಲ್ಲಿ ಕೆಟ್ಟ ಎರಡರಲ್ಲಿ ಇನ್ನೊಂದು ಅದೇ. ಹುರಿಯದೆ, ಕುಟ್ಟಾಣಿಯಲ್ಲಿ ಎರಡು ಹೋಳಾಗುವಷ್ಟು ಮಾತ್ರ ಕುಟ್ಟಿ, 20 ಗ್ರಾಂ, ಕೊನೆಯ ಐದು ನಿಮಿಷಕ್ಕೆ ಹಾಕಿ. ಬೀಜ ಇಷ್ಟು ಬೇಗ ಮುಗಿಯುವುದೇಕೆ ಎಂದು ಆಯಿ ಫೋನಿನಲ್ಲಿ ಕೇಳುತ್ತಾಳೆ. ದಿನಾ ಸಾರು ಮಾಡುತ್ತೇನೆ ಎಂದಿದ್ದೇನೆ.

ಕಿಟ್‌ನ ಒಣ ಕಿತ್ತಳೆ ಸಿಪ್ಪೆ ಪರವಾಗಿಲ್ಲ. ಯೀಸ್ಟ್ ಮಾತ್ರ ಬೇಡ, ಯಾವ ಗುಣವೂ ಇಲ್ಲದ್ದು. ಬಿಳಿ ಬಿಯರಿಗೆಂದೇ ಸಿಗುವ ಯೀಸ್ಟ್ ಬೇರೆ ಕೊಂಡು 21 ಡಿಗ್ರಿಯಲ್ಲಿಡಿ, ಲವಂಗದ ಛಾಯೆ ತಾನಾಗಿ ಬರುತ್ತದೆ. ಒಂದು ಕೊರತೆ ಉಳಿಯುತ್ತದೆ: ಸಾಂಪ್ರದಾಯಿಕ ಬಿಳಿ ಬಿಯರಿಗೆ ಮೊಳಕೆ ಬರಿಸದ ಗೋಧಿಯನ್ನೂ ಹಾಕುತ್ತಾರೆ, ಅದರಿಂದ ಬಿಯರಿಗೆ ಬರುವ ಮಬ್ಬು ಬಣ್ಣ ಎಕ್ಸ್‌ಟ್ರಾಕ್ಟ್‌ನಲ್ಲಿ ಪೂರ್ತಿ ಬರುವುದಿಲ್ಲ. ಕುದಿಯುವಾಗ ಒಂದು ಚಮಚ ಮೈದಾವನ್ನು ನೀರಿನಲ್ಲಿ ಕದಡಿ ಹಾಕುತ್ತೇನೆ. ಕಳ್ಳ ಉಪಾಯವೇ, ಆದರೂ ಕಣ್ಣಿಗೆ ಸಾಕು.

ಹಣ ಉಳಿಸಲು ಹೊರಟವರಿಗೆ ಇದು ಹೇಳಿದ್ದಲ್ಲ; ಒಳ್ಳೆಯ ಬಿಳಿ ಬಿಯರ್ ಈ ದೇಶದ ಅಂಗಡಿಗಳಲ್ಲಿ ಅಗ್ಗವಾಗಿಯೇ ಸಿಗುತ್ತದೆ. ಮುಂದಿನ ಸಲ ನಾನು ಪೂರ್ತಿ ಕಿಟ್ ಕೊಳ್ಳುವುದಿಲ್ಲ, ಎರಡು ಡಬ್ಬ ಬಿಡಿಯಾಗಿ ತರಿಸುತ್ತೇನೆ. ಡಬ್ಬಕ್ಕೆ ಐದರಲ್ಲಿ ನಾಲ್ಕು, ಪೊಟ್ಟಣಕ್ಕೆ ಸೊನ್ನೆ.