ಪಾರ್ಟಿ ವಾಲ್ ಸರ್ವೇಯರ್ ಸರ್ವೀಸ್: ಐದಕ್ಕೆ ಮೂರು ಸ್ಟಾರ್, ಅದೂ ಫೋಟೋಗಳಿಗೆ

ಇಂಗ್ಲೆಂಡಿನ ಸ್ಲೌನಲ್ಲಿ ನಮ್ದು ಸೆಮಿ ಡಿಟ್ಯಾಚ್ಡ್ ಮನೆ, ಒಂದ್ಕಡೆ ಗೋಡೆ ನಮ್ಗೂ ಪಕ್ಕದ ಅಜ್ಜಿಗೂ ಸೇರಿದ್ದು, ಅವ್ರು ಟೀವಿ ಸೌಂಡ್ ಏರಿಸಿದ್ರೆ ನಮ್ಗೂ ನ್ಯೂಸ್ ಕೇಳಿಸತ್ತೆ. ಹೋದ ವರ್ಷ ಅಪ್ಪ ಅಮ್ಮ ಆರು ತಿಂಗ್ಳು ಬಂದಿರ್ತಾರೆ ಅಂತ ಲಾಫ್ಟ್ ಕನ್ವರ್ಷನ್ನು (ಅಟ್ಟನ ರೂಮ್ ಮಾಡೋದು), ಹಿಂದ್ಗಡೆ ಅಡುಗೆಮನೆ ಎಕ್ಸ್‌ಟೆನ್ಷನ್ನು ಎರಡೂ ಒಟ್ಟಿಗೆ ಮಾಡಿಸೋಣ ಅಂತ ಹೊರಟ್ವಿ. ಪ್ಲಾನಿಂಗ್ ಪರ್ಮಿಷನ್ ಬಂತು, ಇನ್ನೇನು ಗುದ್ದಲಿಪೂಜೆ ಮಾಡೋದೇ ಬಾಕಿ ಅನ್ಕೊಂಡಿದ್ದೆ, ಆಗ ಬಿಲ್ಡರ್ ಕೇಳ್ದ "ಪಾರ್ಟಿ ವಾಲ್ ನೋಟಿಸ್ ಕೊಟ್ಟಿದೀರಾ?"

ನಂಗೆ ಅದೇನಂತಾನೇ ಗೊತ್ತಿರ್ಲಿಲ್ಲ. ಪಾರ್ಟಿ ವಾಲ್ ಅಂದ್ರೆ ಎರಡು ಮನೆಗೂ ಸೇರಿದ ಗೋಡೆ, ಕೆಲ್ಸಕ್ಕೆ ಮುಂಚೆ ಪಕ್ಕದವ್ರಿಗೆ ಬರೆದು ತಿಳಿಸೋದೇ ಆ ನೋಟಿಸ್. ಇಂಗ್ಲೆಂಡ್ ಮತ್ತೆ ವೇಲ್ಸ್‌ಗೆ ಪಾರ್ಟಿ ವಾಲ್ ಆಕ್ಟ್ ಅಂತ 1996ರ ಕಾನೂನಿದೆ, 1997ರ ಜುಲೈಯಿಂದ ಜಾರಿ. ಪ್ಲಾನಿಂಗ್ ಪರ್ಮಿಷನ್ನಿಗೂ ಇದಕ್ಕೂ ಸಂಬಂಧಾನೇ ಇಲ್ಲ, ಕೌನ್ಸಿಲ್ ಇದ್ರಲ್ಲಿ ತಲೆ ಹಾಕಲ್ಲ. ಲಾಫ್ಟಿನ ಸ್ಟೀಲ್ ಬೀಮ್ ಕೂರಿಸೋಕೆ ಸೇರಿದ ಗೋಡೆ ಕೊರೀಬೇಕಾದ್ರೆ ಎರಡು ತಿಂಗ್ಳು ಮುಂಚೆ ನೋಟಿಸ್, ಪಕ್ಕದ ಕಟ್ಟಡದಿಂದ ಮೂರು ಮೀಟರ್ ಒಳಗೆ ಅವ್ರ ಫೌಂಡೇಷನ್‌ಗಿಂತ ಆಳಕ್ಕೆ ಅಗೀಬೇಕಾದ್ರೆ ಒಂದು ತಿಂಗ್ಳು ಮುಂಚೆ. ಗೋಡೆಗೆ ಶೆಲ್ಫ್ ಹೊಡ್ಯೋದು, ಪ್ಲಾಸ್ಟರ್ ಮಾಡೋದು ಇಂಥದ್ದಕ್ಕೆಲ್ಲ ಬೇಡ.

ಫೋನಲ್ಲಿ ಅಪ್ಪಂಗೆ ಹೇಳಿದ್ರೆ ನಕ್ಕುಬಿಟ್ರು. ದಾವಣಗೆರೆಯಲ್ಲಿ ಚಿಕ್ಕಪ್ಪ ಪಕ್ಕದವ್ರಿಗೆ ಒಂದು ಮಾತೂ ಹೇಳ್ದೆ ಸೇರಿದ ಗೋಡೆ ಮೇಲೆ ಎರಡು ಸಾಲು ಇಟ್ಟಿಗೆ ಏರಿಸಿದ್ದಕ್ಕೆ ಎರಡು ಮನೆಯವ್ರು ಮಾತು ಬಿಟ್ಟು ಹನ್ನೆರಡು ವರ್ಷ ಆಯ್ತು, ಇನ್ನೂ ಮದುವೆ ಕಾರ್ಡ್ ಕೂಡ ಕೊಡಲ್ಲ.

ಸರಿ, ಆನ್‌ಲೈನಲ್ಲಿ ಹುಡುಕಿ ಈ ನೋಟಿಸ್ ಕೆಲ್ಸ ಮಾಡಿಕೊಡೋ ಒಂದು ಸರ್ವೇಯರ್ ಕಂಪನಿ ಹಿಡಿದೆ, ಹೆಸರು ಬೇಡ ಬಿಡಿ. ನೋಟಿಸ್ ಒಂದಕ್ಕೆ 75 ಪೌಂಡ್, ಅವಾರ್ಡ್‌ಗೆ (ಪಕ್ಕದವ್ರು ಒಪ್ದಿದ್ರೆ ಕೆಲ್ಸ ಹೇಗೆ ನಡೀಬೇಕು ಅಂತ ಸರ್ವೇಯರ್ ಬರೆದುಕೊಡೋ ತೀರ್ಮಾನ) 950, ಮೇಲೆ ವ್ಯಾಟ್. ಕೆಲ್ಸ ನಮ್ದಾದ್ರಿಂದ ಸಾಮಾನ್ಯವಾಗಿ ಖರ್ಚೂ ನಮ್ದೇ, ಪಕ್ಕದವ್ರು ತಮ್ಮದೇ ಬೇರೆ ಸರ್ವೇಯರ್ ಇಟ್ಕೊಂಡ್ರೆ ಆ ಬಿಲ್ಲೂ ಬಹುತೇಕ ನಮ್ ತಲೆಗೇ.

ಇಲ್ಲಿಂದ ಗೋಳು ಶುರು. ನೋಟಿಸ್ ಹೋಯ್ತು. ನಮ್ಮ ಇನ್ನೊಂದು ಪಕ್ಕದ ಮನೆಯವ್ರು ಮೂರೇ ದಿನಕ್ಕೆ ಒಪ್ಪಿಗೆ ಬರೆದು ಸೈನ್ ಮಾಡಿ ಕೊಟ್ರು, ಪುಣ್ಯಾತ್ಮರು. ಅಜ್ಜಿ ಕಡೆಯಿಂದ ಉತ್ರಾನೇ ಇಲ್ಲ. 14 ದಿನ ಸುಮ್ನಿದ್ರೆ ಒಪ್ಪಿದ್ರು ಅಂತ ನಾನು ಖುಷಿಯಾಗಿದ್ದೆ, ಆದ್ರೆ ಇಲ್ಲಿ ಮೌನಂ ಸಮ್ಮತಿ ಲಕ್ಷಣಂ ನಡೆಯಲ್ಲ ಸ್ವಾಮಿ, ಮೌನ ಅಂದ್ರೆ ತಕರಾರು ಅಂತಾನೇ ಲೆಕ್ಕ! ಅಷ್ಟೊತ್ತಿಗೆ ಅಜ್ಜಿ ಮಗ ಬಂದು ನೋಟಿಸ್ ಕೈಲಿ ಹಿಡ್ಕೊಂಡು ಬಾಗಿಲು ತಟ್ಟಿ, ಮನೆ ನಿಮ್ಮಿಬ್ರ ಹೆಸರಲ್ಲಿದೆ ಅಲ್ವಾ, ಇದ್ರಲ್ಲಿ ನಿಮ್ಮೊಬ್ರ ಹೆಸರೇ ಇದ್ಯಲ್ಲ ಅಂತ ಕೇಳಿದ್ರು. ಜಂಟಿ ಮಾಲೀಕರು ಇಬ್ರೂ ಸೇರಿ ಕೊಡ್ದಿದ್ರೆ ನೋಟಿಸ್ ಊರ್ಜಿತ ಆಗಲ್ಲ ಅಂತ 1990ರ ದಶಕದಲ್ಲೇ ಕೋರ್ಟ್ ತೀರ್ಪಾಗಿದೆಯಂತೆ. ದಿನಾ ಇದೇ ಕೆಲ್ಸ ಮಾಡೋ ಸರ್ವೇಯರ್‌ಗೆ ಇದು ತಿಳೀಬಾರ್ದಾ? ಫಾರ್ಮ್ ತುಂಬುವಾಗ ಹೆಂಡ್ತಿ ಹೆಸರೂ ಕೊಟ್ಟಿದ್ದೆ ನಾನು. ಎಲ್ಲಾ ಮೊದಲಿಂದ, ಎರಡು ತಿಂಗ್ಳ ಲೆಕ್ಕ ಮತ್ತೆ ಸೊನ್ನೆಯಿಂದ, ಬಿಲ್ಡರ್ ಬೇರೆ ಕೆಲ್ಸ ಹಿಡ್ಕೊಂಡ, ನಾಲ್ಕು ಮೇಲ್ ಹಾಕಿದ್ಮೇಲೆ ಬಂದಿದ್ದು ಒಂದೇ ಸಾಲು, ತೊಂದರೆಗೆ ವಿಷಾದವಿದೆ ಅಂತ. ಎರಡನೇ ಸಲದ ನೋಟಿಸ್ ಫೀಸ್ ಬಿಟ್ಕೊಡಿ ಅಂದ್ರೆ ಅದಕ್ಕೂ ಇಲ್ಲ.

ಇನ್ನೊಂದು, ದುಡ್ಡು ಕೊಡೋದು ನಾವು, ಆದ್ರೆ ಸರ್ವೇಯರ್ ನಮ್ ಲಾಯರ್ ಅಲ್ಲ. ಅಜ್ಜಿ ಮನೆಯವ್ರೂ ಅವ್ರನ್ನೇ ಒಪ್ಕೊಂಡ್ರು, ಒಪ್ಕೊಂಡ್ಮೇಲೆ ಆತ ಇಬ್ರಿಗೂ ಸಮ. ಗೋಡೆ ಕೊರೆಯೋಕೆ ಇಂತಿಂಥ ಹೊತ್ತು ಮಾತ್ರ ಅಂತ ಅವಾರ್ಡಲ್ಲಿ ಬರೆದಾಗ ನಂಗೆ ಸಿಟ್ಟು ಬಂದಿತ್ತು, ಈಗ ಯೋಚಿಸಿದ್ರೆ ಬೇಡ ಅಂದಿದ್ದು ಅಜ್ಜಿ ಮಧ್ಯಾಹ್ನ ಮಲಗೋ ಹೊತ್ತು, ಇರ್ಲಿ.

ಈಗ ಮೂರು ಸ್ಟಾರ್ ಯಾಕೆ ಅಂತ. ಕೆಲ್ಸ ಶುರುವಾಗೋ ಮುಂಚೆ ಅದೇ ಕಂಪನಿಯ ಒಬ್ಬ ಹುಡುಗ ಬಂದು ಅಜ್ಜಿ ಮನೇಲಿ ಎರಡೂವರೆ ಗಂಟೆ ಕೂತು ಪ್ರತಿ ರೂಮು, ಪ್ರತಿ ಮೂಲೆ, ಸೀಲಿಂಗ್ ಅಂಚು, ಕೂದಲೆಳೆಯಂಥ ಬಿರುಕಿಗೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗ್ದ, ಎಲ್ಲಾನೂ ಬರ್ಕೊಂಡ. ಶೆಡ್ಯೂಲ್ ಆಫ್ ಕಂಡೀಷನ್ ಅಂತಾರೆ ಇದಕ್ಕೆ. ಇಷ್ಟೊಂದು ಯಾಕಪ್ಪಾ ಅನ್ನಿಸಿತ್ತು. ಬೀಮ್ ಕೂರಿಸಿದ ವಾರಕ್ಕೆ ಅಜ್ಜಿ ಬೆಡ್‌ರೂಮಲ್ಲಿ ಎರಡು ಬಿರುಕಿದೆ ಅಂತ ಮಗನ ಫೋನ್. ಅದೇ ಹುಡುಗ ಬಂದು ಫೋಟೋ ಪಕ್ಕದಲ್ಲಿಟ್ಟು ನೋಡಿದ, ಕಿಟಕಿ ಮೇಲಿಂದು ಹಳೇದು, ಇನ್ನೊಂದು ಹೊಸದು. ಹೊಸದನ್ನ ನಮ್ ಬಿಲ್ಡರ್ ಪ್ಲಾಸ್ಟರ್ ಮಾಡಿ ಬಣ್ಣ ಹೊಡ್ದ, ಜಗಳ ಇಲ್ಲ. ಅಜ್ಜಿ ಮಾರನೇ ದಿನ ಆಪಲ್ ಪೈ ಕಳಿಸಿದ್ರು, ನಾವು ಪಾತ್ರೆ ಖಾಲಿ ಕೊಡಬಾರ್ದು ಅಂತ ಚಕ್ಕುಲಿ ಹಾಕಿ ಕಳಿಸಿದ್ವಿ.

ಒಂದು ಮಾತು, ಪ್ಲಾನಿಂಗ್ ಅರ್ಜಿ ಎಲ್ರಿಗೂ ಕಾಣತ್ತೆ, ಹಾಗಾಗಿ ನಿಮ್ ಪಕ್ಕದವ್ರ ಮನೆಗೆ ಗೊತ್ತಿಲ್ದ ಸರ್ವೇಯರ್‌ಗಳಿಂದ "ನಾವಿದೀವಿ, ನಿಮ್ಗೆ ಫ್ರೀ" ಅಂತ ಕಾಗ್ದ ಬರ್ತವೆ. ಅದಕ್ಕಿಂತ ಮುಂಚೆ ನೀವೇ ಹೋಗಿ ಒಂದು ಟೀ ಕುಡಿದು ಹೇಳ್ಬಿಡಿ, ನಾನು ಹಾಗೆ ಮುಂಚೆ ಹೇಳ್ಲಿಲ್ಲ, ಅದೇ ತಪ್ಪಾಗಿದ್ದು. ನೋಟಿಸ್ ಮಾದರಿ ಸರ್ಕಾರದ ವೆಬ್‌ಸೈಟಲ್ಲೇ ಪುಕ್ಕಟೆ ಇದೆ, ಮುಂದೆ ಗ್ಯಾರೇಜ್ ಕೆಲ್ಸಕ್ಕೆ ನೋಟಿಸ್ ನಾನೇ ಬರೀತೀನಿ, ಇಬ್ರ ಹೆಸರೂ ಹಾಕಿ. ಫೋಟೋ ತೆಗೆಯೋಕೆ ಮಾತ್ರ ಆ ಹುಡುಗನ್ನೇ ಕಳಿಸಿ ಅಂತ ಕೇಳ್ತೀನಿ.