ಪ್ಲಾಯಾದಲ್ಲಿ ಮೂರು ರಾತ್ರಿ, ತುಲುಮ್‌ನಲ್ಲಿ ಮೂರು ರಾತ್ರಿ

ತುಲುಮ್‌ಗೇ ಹೋಗಬೇಕು ಎಂದು ಹಟ ಹಿಡಿದವಳು ನನ್ನ ತಂಗಿ. ಪ್ಲಾಯಾ ದೆಲ್ ಕಾರ್ಮೆನ್ ಸಾಕು ಎಂದವಳು ನಾನು. ಎರಡೂ ಮೆಕ್ಸಿಕೋದ ಕೆರಿಬಿಯನ್ ದಂಡೆಯ ಊರುಗಳು. ನಡುವೆ ಒಂದೇ ಹೆದ್ದಾರಿ, ಸುಮಾರು 65 ಕಿಲೋಮೀಟರ್. ಜಗಳ ಬಗೆಹರಿಯದೆ ಮೇ ತಿಂಗಳ ಆರು ರಾತ್ರಿಗಳನ್ನು ಸಮನಾಗಿ ಹಂಚಿಕೊಂಡೆವು. ಟೆಕ್ಸಾಸ್‌ನಲ್ಲಿ ದುಡಿಯುವ ನಮ್ಮಿಬ್ಬರ ಪಾಸ್‌ಪೋರ್ಟಿನಲ್ಲೂ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದುದರಿಂದ ಮೆಕ್ಸಿಕೋಕ್ಕೆ ಪ್ರತ್ಯೇಕ ವೀಸಾ ಬೇಕಾಗಲಿಲ್ಲ.

ಕೋಣೆಯ ಬಾಡಿಗೆಯಲ್ಲಿ ಮೊದಲ ಸುತ್ತು ತಂಗಿಯದೇ. ಪ್ಲಾಯಾದಲ್ಲಿ ಫ್ಯಾನಿನ ಕೋಣೆಗೆ ರಾತ್ರಿಗೆ 850 ಪೆಸೊ ತೆತ್ತೆವು, ತುಲುಮ್‌ನಲ್ಲಿ 700. "ನೋಡಿದೆಯಾ ಅಕ್ಕಾ, ದಿನಕ್ಕೆ ನೂರೈವತ್ತು ಉಳಿಯಿತು" ಎಂದು ಅವಳು ಬೀಗಿದ್ದು ಮರುದಿನ ಬೆಳಿಗ್ಗೆಯವರೆಗೆ ಮಾತ್ರ. ತುಲುಮ್ ಎಂದರೆ ಒಂದಲ್ಲ, ಎರಡು ಊರು. ಜನ ವಾಸಿಸುವ, ಅಗ್ಗದ ಕೋಣೆಗಳಿರುವ ಪುಯೆಬ್ಲೊ ಹೆದ್ದಾರಿಯ ಪಕ್ಕದಲ್ಲಿದೆ. ಫೋಟೋಗಳಲ್ಲಿ ಕಾಣುವ ಮರಳು ಅಲ್ಲಿಂದ ಮೂರು ನಾಲ್ಕು ಕಿಲೋಮೀಟರ್ ಆಚೆ. ಟ್ಯಾಕ್ಸಿಯವರು ಮೀಟರ್ ಹಾಕುವುದಿಲ್ಲ, ಕೇಳಿದ ದರವೋ ಬಾಯಿ ಮುಚ್ಚಿಸುವಂಥದ್ದು. ಸೈಕಲ್ ಬಾಡಿಗೆಗೆ ಪಡೆದೆವು: ದಿನಕ್ಕೆ ತಲೆಗೆ 150, ಇಬ್ಬರಿಗೆ 300. ಉಳಿಸಿದ್ದರ ಇಮ್ಮಡಿ ಅಲ್ಲಿಗೇ ಹೋಯಿತು. ಜೊತೆಗೆ ಮಟಮಟ ಮಧ್ಯಾಹ್ನದಲ್ಲಿ ಒದ್ದೆ ಬಟ್ಟೆಯಲ್ಲಿ ಪೆಡಲ್ ತುಳಿಯುವ ಭಾಗ್ಯ ಬೇರೆ.

ಮೆಕ್ಸಿಕೋದಲ್ಲಿ ಕಡಲತೀರ ಸರ್ಕಾರದ್ದು. ಕಾನೂನಿನ ಪ್ರಕಾರ ಯಾರಪ್ಪನ ಸ್ವತ್ತೂ ಅಲ್ಲ. ಆದರೆ ಮರಳು ಎಲ್ಲರದಾದರೇನು, ಮರಳಿಗೆ ಹೋಗುವ ದಾರಿ ಎಲ್ಲರದಾಗಬೇಕಲ್ಲ! ತುಲುಮ್‌ನ ಹೋಟೆಲ್ ಸಾಲಿನಲ್ಲಿ ಗೇಟಿನ ನಂತರ ಗೇಟು. ಒಂದು ಕಡೆ ಕಾವಲಿನವನು, ಇಂತಿಷ್ಟು ಮೊತ್ತಕ್ಕೆ ತಿಂದು ಕುಡಿದರೆ ಮಾತ್ರ ಒಳಗೆ ಎಂದು ನಯವಾಗಿಯೇ ಹೇಳಿದ. ಪ್ಲಾಯಾದಲ್ಲಿ ಈ ತಾಪತ್ರಯ ಕಡಿಮೆ. ಹಲವು ಅಡ್ಡರಸ್ತೆಗಳು ನೇರ ನೀರಿಗೇ ಇಳಿಯುತ್ತವೆ; ಕೋಣೆಯಿಂದ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರೆ ಹತ್ತು ನಿಮಿಷ. ಗದ್ದಲವಂತೂ ಇದೆ. ಕಿಂತಾ ಅವೆನೀದಾ ಎಂಬ ಪಾದಚಾರಿ ರಸ್ತೆಯಲ್ಲಿ ಹೆಜ್ಜೆಗೊಬ್ಬರು ಕರೆಯುತ್ತಾರೆ, ತಲೆ ಚಿಟ್ಟು ಹಿಡಿಯುತ್ತದೆ. ನಾನು ಎರಡನೆಯ ದಿನದಿಂದ ಅದರ ಹಿಂದಿನ ರಸ್ತೆಯಲ್ಲೇ ಓಡಾಡಿದೆ.

ಊಟಕ್ಕೂ ಆ ಹಿಂದಿನ ರಸ್ತೆಗಳೇ ಸರಿ. 'ಕೊಸೀನಾ ಎಕೊನೊಮಿಕಾ' ಎಂಬ ಬೋರ್ಡು ಕಂಡರೆ ಅದು ನಮ್ಮ ಖಾನಾವಳಿ ಎಂದೇ ತಿಳಿಯಿರಿ: ಸೂಪು, ಅನ್ನ, ಒಂದು ಮುಖ್ಯ ಪದಾರ್ಥ, ಟೋರ್ಟಿಯಾ, ಜೊತೆಗೆ ನಮ್ಮ ಪುಂಡಿಯ ಜಾತಿಗೇ ಸೇರಿದ ಹೂವಿನ ಕೆಂಪು ಪಾನಕ. ಅದರ ಹೆಸರು ಹಮೈಕಾ, ಹುಳಿ ಮುಂದಾಗಿ ಸಿಹಿ ಹಿಂದಾಗಿ ಇರುತ್ತದೆ. ಟೋರ್ಟಿಯಾದ ವಾಸನೆ ಮೊದಲ ದಿನ ಎಲ್ಲಿಯದೋ ನೆನಪು ತಂದಿತು. ಆಮೇಲೆ ಗೊತ್ತಾಯಿತು, ಸುಣ್ಣ! ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ. ನಮ್ಮಜ್ಜಿ ವೀಳ್ಯದೆಲೆಗೆ ಸವರುತ್ತಿದ್ದ ಸುಣ್ಣ ಇಲ್ಲಿ ರೊಟ್ಟಿಗೆ ಸೇರುತ್ತದೆ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಕಪ್ಪು ಕಾಳಿನ ಪಲ್ಯ ಕಂಡು ಹಿಗ್ಗಬೇಡಿ, ಅದನ್ನು ಹಂದಿಯ ಕೊಬ್ಬಿನಲ್ಲಿ ಹುರಿದಿರುವುದುಂಟು. 'ಸಿನ್ ಮಾಂತೇಕಾ' ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಊಟದಲ್ಲಿ ಎರಡು ಊರುಗಳಿಗೂ ಹೆಚ್ಚು ವ್ಯತ್ಯಾಸವಿಲ್ಲ, ತುಲುಮ್‌ನ ಕಡಲ ಬದಿಯಲ್ಲಿ ತಟ್ಟೆಗೆ ಕೈ ಹಾಕದಿದ್ದರೆ.

ಪ್ರಯಾಣಕ್ಕೂ ಎರಡು ದಾರಿಗಳನ್ನು ಪರೀಕ್ಷಿಸಿದೆವು. ಹೋಗುವಾಗ ಕೊಲೆಕ್ತೀವೊ ಎಂಬ ಬಿಳಿ ವ್ಯಾನು. ಪ್ಲಾಯಾದ ಕಾಯೆ 2 ಎಂಬ ರಸ್ತೆಯಲ್ಲಿ ನಿಂತಿರುತ್ತದೆ, ನಮ್ಮೂರ ಟೆಂಪೋದಂತೆ ಸೀಟು ತುಂಬಿದರೆ ಹೊರಡುತ್ತದೆ. ನನ್ನ ಚೀಲ ಮೊಣಕಾಲುಗಳ ನಡುವೆ, ಪಕ್ಕದ ಹೆಂಗಸಿನ ಮೊಟ್ಟೆಗಳ ತಟ್ಟೆ ಅರ್ಧ ನನ್ನ ತೊಡೆಯ ಮೇಲೆ. ಚಾಲಕ ಬ್ರೇಕ್ ಒತ್ತಿದಾಗಲೆಲ್ಲ ನಾವಿಬ್ಬರೂ ಒಟ್ಟಿಗೆ ತಟ್ಟೆ ಹಿಡಿಯುತ್ತಿದ್ದೆವು. ಒಂದೂ ಒಡೆಯಲಿಲ್ಲ. ಇಳಿಯುವಾಗ ಹಣ ಕೊಟ್ಟರಾಯಿತು, ಚಿಲ್ಲರೆ ಇಟ್ಟುಕೊಳ್ಳಿ. ಹಿಂದಿರುಗುವಾಗ ಹತ್ತಿದ ಎಡಿಒ ಬಸ್ಸಿಗೆ ಹೊತ್ತುಗೊತ್ತು ಇದೆ, ಸಾಮಾನಿಗೆ ಚೀಟಿ ಕಟ್ಟುತ್ತಾರೆ, ಎಸಿಯ ಚಳಿಗೆ ಶಾಲು ಬೇಕೇ ಬೇಕು. ಆದರೆ ಅದು ನಡುದಾರಿಯ ಸೆನೋತೆಗಳ ಬಳಿ ನಿಲ್ಲುವುದಿಲ್ಲ. ಇದು ಸುಣ್ಣಕಲ್ಲಿನ ನೆಲ. ಮಳೆಯ ನೀರು ಮೇಲೆ ಹರಿಯದೆ ಒಳಗೆ ಇಂಗಿ, ಕಲ್ಲಿನ ಚಾವಣಿ ಕುಸಿದ ಕಡೆ ತಣ್ಣನೆಯ ಕೊಳವಾಗಿ ಕಾಣಿಸಿಕೊಳ್ಳುತ್ತದೆ; ಅದೇ ಸೆನೋತೆ. 'ಸೆನೋತೆ ಅಸೂಲ್' ಎಂದು ವ್ಯಾನಿನವನಿಗೆ ಕೂಗಿದರೆ ರಸ್ತೆಯಂಚಿನಲ್ಲೇ ಇಳಿಸುತ್ತಾನೆ. ಏಜೆಂಟರ ಪ್ಯಾಕೇಜಿನ ಗೊಡವೆಯೇ ಬೇಡ. ನನ್ನ ಓಟು ಕೊಲೆಕ್ತೀವೊಗೆ.

ಕಡಲಿನ ವಿಷಯದಲ್ಲಿ ಇಬ್ಬರೂ ಸೋತೆವು. ಬೇಸಿಗೆಯ ತಿಂಗಳುಗಳಲ್ಲಿ ಸಾರ್ಗಾಸೊ ಎಂಬ ಕಂದು ಪಾಚಿ ಅಟ್ಲಾಂಟಿಕ್‌ನಿಂದ ತೇಲಿಬಂದು ದಂಡೆಯಲ್ಲಿ ಕೊಳೆಯುತ್ತದೆ, ಕೊಳೆತ ಮೊಟ್ಟೆಯ ನಾತ. ತುಲುಮ್‌ನಲ್ಲಿ ಮೂಗು ಮುಚ್ಚಿ ಹಿಂದಿರುಗುವುದಷ್ಟೇ ಉಳಿಯಿತು. ಪ್ಲಾಯಾದಲ್ಲಾದರೆ ಹಡಗುಕಟ್ಟೆಯಿಂದ ಮುಕ್ಕಾಲು ಗಂಟೆಯಲ್ಲಿ ಕೊಸುಮೆಲ್ ದ್ವೀಪಕ್ಕೆ ಹೋಗಬಹುದು. ಅದರ ಪಶ್ಚಿಮದ ದಂಡೆಗೆ ಈ ಪಾಚಿ ಅಷ್ಟಾಗಿ ತಲುಪುವುದಿಲ್ಲ. ಹಡಗಿನ ಟಿಕೆಟ್ ಅಗ್ಗವಲ್ಲ, ಆದರೂ ಆರು ದಿನಗಳಲ್ಲಿ ನಾವು ಮನಸಾರೆ ಈಜಿದ್ದು ಅಲ್ಲೇ.

ತುಲುಮ್ ಗೆದ್ದದ್ದು ಒಂದು ವಿಷಯದಲ್ಲಿ, ಅದು ಸಣ್ಣದಲ್ಲ. ಬಂಡೆಯ ಅಂಚಿನಲ್ಲಿ ಇಲ್ಲಿನ ಮೂಲನಿವಾಸಿಗಳಾದ ಮಾಯಾ ಜನರು ಕಟ್ಟಿದ ಕಲ್ಲಿನ ಕೋಟೆಯೂರು, ಕೆಳಗೆ ಪಚ್ಚೆ ನೀರು. ಬಾಗಿಲು ತೆರೆಯುವ ಎಂಟು ಗಂಟೆಗೇ ಒಳಹೊಕ್ಕೆವು; ಹತ್ತರ ಹೊತ್ತಿಗೆ ಬಸ್ಸುಗಟ್ಟಲೆ ಜನ ಬಂದಿಳಿದರು. ಹರಟದೆ ನಡೆದದ್ದು ಆ ಎರಡು ಗಂಟೆ ಮಾತ್ರ. ಬಿಸಿಲಿಗೆ ಮೈಚೆಲ್ಲಿ ಮಲಗಿದ ಇಗುವಾನಾ ಎಂಬ ದೊಡ್ಡ ಓತಿಯೊಂದು ಕ್ಯಾಮೆರಾ ಹಿಡಿದವರತ್ತ ಕಣ್ಣೂ ಹೊರಳಿಸಲಿಲ್ಲ.

ಕೊನೆಯ ದಿನ ಲೆಕ್ಕ ಹಾಕಿದಾಗ ತಂಗಿ ಒಪ್ಪಿಕೊಂಡಳು: ಪ್ಲಾಯಾದಲ್ಲಿ ಮಲಗಿ, ತುಲುಮ್‌ಗೆ ನಸುಕಿನ ವ್ಯಾನು ಹಿಡಿದು ಸಂಜೆಗೆ ವಾಪಸಾಗಿದ್ದರೆ ಸೈಕಲ್ಲಿನ ಹಣವಾದರೂ ಉಳಿಯುತ್ತಿತ್ತು. "ಆದರೆ ಮೂರು ರಾತ್ರಿ ತುಲುಮ್‌ನಲ್ಲಿ ಇದ್ದೆ ಎಂದು ಹೇಳಿಕೊಳ್ಳುವುದು ಹೇಗೆ ಅಕ್ಕಾ?" ಎಂದಳು.